ನಾನು ಹರಿದ ನಾಲ್ಕು ಹಾಳೆ

ನಾನು ಓದಿದ್ದು ಆರನೆಯ ತರಗತಿಯವರೆಗೆ. ಊರ ಹೊರಗಿನ ಕೈಗಾರಿಕಾ ಪ್ರದೇಶದಲ್ಲಿ ಕಬ್ಬಿಣ ಕಡೆಯುವ ಲೇಥ್ ಯಂತ್ರ ನಡೆಸುತ್ತೇನೆ. ಅವ್ವ ತೀರಿಕೊಂಡಾಗ ತಂಗಿಗೆ ಐದು ವರ್ಷ. ಅವಳನ್ನು ಸಾಕಿದವನು ನಾನೇ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಹೋದ ವರ್ಷ, ಡಿಗ್ರಿ ಮುಗಿಯಲು ಬಂದಾಗ, ಅವಳು ಕಾಲೇಜಿಗೆ ಹೋಗುವುದನ್ನು ಬಿಟ್ಟಳು. ಆಮೇಲೆ ತಲೆ ಬಾಚುವುದನ್ನು. ಏನಾಗಿದೆ ಎಂದು ಕೇಳಿದರೆ "ಏನಿಲ್ಲ" ಎನ್ನುವಳು. ಡಾಕ್ಟರು ಇದು ಖಿನ್ನತೆ ಎಂದರು, ಗುಳಿಗೆ ಕೊಟ್ಟರು. ಮನಸ್ಸಿಗೆ ಅನಿಸಿದ್ದನ್ನು ದಿನಾಲು ಒಂದಿಷ್ಟು ಬರೆದು ತರಲು ಹೇಳಿದರು.

"ಅಣ್ಣಾರೂ ಒಂದು ನೋಟ್‌ಬುಕ್ ಇಡ್ರಿ" ಎಂದು ನನ್ನ ಕಡೆ ನೋಡಿ ನಕ್ಕರು.

"ನನಗ ಸಹಿ ಮಾಡಾಕನ ಐದು ನಿಮಿಷ ಬೇಕ್ರಿ ಮೇಡಂ" ಎಂದೆ. ತಂಗಿಯೂ ನಕ್ಕಳು, ಎಷ್ಟೋ ತಿಂಗಳ ಮೇಲೆ.

ಮುಂದಿನ ಭೇಟಿಯ ದಿನ ಬೆಳಿಗ್ಗೆ ಅವಳು ಜಳಕಕ್ಕೆ ಹೋದಾಗ ನೋಟ್‌ಬುಕ್ ತೆಗೆದೆ. ಅಕ್ಷರ ಕೂಡಿಸಿ ಓದುವವನು ನಾನು. 'ಸಣ್ಣವಳಿದ್ದಾಗ ನಾನು ಅತ್ತರೆ ಅಣ್ಣ ಹೊರಗೆ ಹೋಗಿ ಚಿಲಕ ಹಾಕುತ್ತಿದ್ದ. ಸುಮ್ಮನಾದ ಮೇಲೆ ತೆಗೆಯುತ್ತಿದ್ದ. ಈಗಲೂ ಅಳು ಬಂದರೆ ಮೊದಲು ಬಾಗಿಲ ಕಡೆ ನೋಡುತ್ತೇನೆ.' ಉಳಿದ ಮೂರು ಹಾಳೆಗಳಲ್ಲೂ ನಾನೇ ಇದ್ದೆ.

ಬರೆದದ್ದು ನಿಜ. ಆಗ ನನಗೆ ಹದಿನೇಳು, ಅಳುವ ಕೂಸನ್ನು ರಮಿಸಲು ಬರುತ್ತಿರಲಿಲ್ಲ ಎಂದು ಈಗ ಹೇಳಬಹುದು. ಆ ಬೆಳಿಗ್ಗೆ ನನಗೆ ಬಂದದ್ದು ಒಂದೇ ಯೋಚನೆ: ಡಾಕ್ಟರು ನನ್ನನ್ನು ಏನೆಂದುಕೊಂಡಾರು?

ತಂಗಿ ಹೊರಗೆ ಬರುತ್ತಲೇ ಕೇಳಿದೆ, "ಇದನ್ನ ಅವರಿಗೆ ತೋರಸ್ತೀಯೇನ? ನಾ ಇಷ್ಟು ಮಾಡಿದ್ದಕ್ಕ ಇದಾ ಏನು?" ಅವಳ ಮುಂದೆಯೇ ನಾಲ್ಕೂ ಹಾಳೆ ಹರಿದೆ. "ಛಲೋ ಅನಸ್ತು ಅಂತ ಬರಿ."

ಅವಳು ಒದ್ದೆ ಕೂದಲಲ್ಲೇ ಕುಳಿತು ಬರೆದಳು.

ಅದನ್ನು ಓದಿ ಡಾಕ್ಟರಿಗೆ ಸಂತೋಷವಾಯಿತು. ವಾರಕ್ಕೊಮ್ಮೆ ಬರುವುದು ಬೇಡ, ತಿಂಗಳು ಬಿಟ್ಟು ಬನ್ನಿ ಎಂದರು. ತಿಂಗಳು ತುಂಬುವ ಮೊದಲೇ ಅವಳು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದಳು. ಎಬ್ಬಿಸಿ ಕರೆದುಕೊಂಡು ಹೋಗಿ, ಹಾಳೆಯಲ್ಲಿ ಇದ್ದದ್ದನ್ನೂ ನಾನು ಅದನ್ನು ಹರಿದದ್ದನ್ನೂ ಡಾಕ್ಟರಿಗೆ ಹೇಳಿದೆ.

"ಆಕಿ ನಿಮ್ಮ ಮ್ಯಾಲೆ ಫಿರ್ಯಾದಿ ಬರದಿರಲಿಲ್ರಿ" ಎಂದರು. "ತನಗ ಏನ್ ಆಗಾಕತ್ತೈತಿ ಅಂತ ಮೊದಲನೇ ಸಲ ತಾನಾ ಹುಡುಕಿಕೊಂಡಿದ್ಲು."

ಹೊಸ ನೋಟ್‌ಬುಕ್ ತಂದುಕೊಟ್ಟೆ. "ನಿನಗ ಅನಿಸಿದ್ದ ಬರಿಯವಾ. ನಾ ಮುಟ್ಟಂಗಿಲ್ಲ."

ಅವಳು ತಲೆಯಾಡಿಸಿ ಪೆನ್ನು ಹಿಡಿದಳು. ಬಹಳ ಹೊತ್ತು ಖಾಲಿ ಹಾಳೆ ನೋಡುತ್ತ ಕುಳಿತು, ಮುಖ ಎತ್ತಿದಳು.

"ಏನ್ ಬರೀಲಿ, ಅಣ್ಣಾ? ನೀನಾ ಹೇಳು."