ಪೆಸಮಿನೊನ ಮೊಣಕಾಲಿನ ಹಚ್ಚೆ

ಪೆಸಮಿನೊನ ಹೆಸರು ಮೊದಲು ನನ್ನ ಕಿವಿಗೆ ಬಿದ್ದದ್ದು ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಬಟ್ಟೆ ಒಗೆಯುವ ಕೊಳದ ಹತ್ತಿರ.

"ಹಚ್ಚೆ ಹಾಕಿಸ್ಕೊಳ್ಳೋವಾಗ ನಿನ್ನ ಗಂಡ ಕೋಳಿ ಥರ ಕಿರುಚ್ದ ಕಣೆ! ಪಕ್ಕದಲ್ಲಿ ಮಲಗಿದ್ದ ಪೆಸಮಿನೊ ಮಾತ್ರ ಕಮಕ್ ಕಿಮಕ್ ಅನ್ಲಿಲ್ಲ," ಎಂದು ಒಬ್ಬಳು ನಕ್ಕಳು.

ನಮ್ಮ ದ್ವೀಪದಲ್ಲಿ ಗಂಡಸರಿಗೆ ಸೊಂಟದಿಂದ ಮೊಣಕಾಲಿನವರೆಗೆ ಹಂದಿಹಲ್ಲಿನ ಬಾಚಣಿಗೆಯಿಂದ ಕುಟ್ಟಿ ಮಸಿ ಇಳಿಸುತ್ತಾರೆ. ನೋವು ತಾಳದೆ ಎದ್ದು ಓಡಿದವನ ಹಚ್ಚೆ ಅರ್ಧಕ್ಕೇ ನಿಂತು, ಮನೆತನವೇ ತಲೆ ತಗ್ಗಿಸಬೇಕಾಗುತ್ತದೆ. ಜೊತೆಯಲ್ಲಿ ಹಾಕಿಸಿಕೊಂಡವರು ಒಡಹುಟ್ಟಿದವರಂತೆ. ಹಾಗಾಗಿ ನಾನು ಅವನಿಗೆ ಅತ್ತಿಗೆಯಾದೆ. ನನ್ನವರು ತೀರಿಕೊಂಡ ಮೇಲೂ ನಮ್ಮ ಮರದ ಜೀಗುಜ್ಜೆ ಕೊಯ್ದುಕೊಡುತ್ತಿದ್ದವನು ಅವನೇ.

ವಯಸ್ಸಾದ ಮೇಲೆ ಅವನ ಬಲಮೊಣಕಾಲು ಊದಿ ಕಾದ ಕಲ್ಲಿನಂತಾಯಿತು. ಸಭೆಮನೆಯಲ್ಲಿ ಹಿರಿಯರು ಕಂಬಕ್ಕೊರಗಿ ಚಕ್ಕಂಬಕ್ಕಳ ಹಾಕಿಯೇ ಕೂರಬೇಕು. ಇವನು ಕಾಲು ಚಾಚಿ, ಅದರ ಮೇಲೆ ಚಾಪೆ ಹೊದಿಸಿಕೊಂಡು ನಾಚಿ ಕೂರುತ್ತಿದ್ದ. ಎಣ್ಣೆ ತಿಕ್ಕುವವಳು ಕೈಚೆಲ್ಲಿದಳು. ಕೊನೆಗೆ ಆಪಿಯಾ ಪಟ್ಟಣದ ಆಸ್ಪತ್ರೆಯಲ್ಲಿ ಲಾಂಗಿ ಎಂಬ ಹುಡುಗಿ ಲೇಸರ್ ಬೆಳಕು ಕೊಡುತ್ತಾಳೆಂದು ನಾನೇ ಕರೆದುಕೊಂಡು ಹೋದೆ.

ಲಾಂಗಿ ಲೇಸರ್ ಎಂದದ್ದೇ ತಡ, ಅವನು ಪಂಚೆ ಎಳೆದು ಮೊಣಕಾಲು ಮುಚ್ಚಿಕೊಂಡ. "ಆಕ್ಲೆಂಡಿನಲ್ಲಿ ನನ್ನ ಸೋದರಳಿಯ ಕುತ್ತಿಗೆ ಹಚ್ಚೆನ ಲೇಸರ್‌ನಿಂದಲೇ ಅಳಿಸ್ಕೊಂಡ! ಅತ್ತಿಗೆ, ನನ್ನನ್ನ ಅರೆಹಚ್ಚೆಯವನನ್ನಾಗಿ ಮಾಡೋಕೆ ಕರ್ಕೊಂಡು ಬಂದ್ಯಾ?"

"ಅದು ಬೇರೆ ಯಂತ್ರ, ಅಜ್ಜ," ಎಂದಳು ಲಾಂಗಿ. "ಇದು ಊತದ ಒಳಗೆ ಹೋಗಿ ಉರಿ ಕಮ್ಮಿ ಮಾಡತ್ತೆ. ಆಮೇಲೆ ನೋವು ಮೆಲ್ಲಗೆ ಇಳಿಯತ್ತೆ. ಎಲ್ರಿಗೂ ಪೂರ್ತಿ ವಾಸಿಯಾಗಲ್ಲ, ಸುಳ್ಳು ಹೇಳಲ್ಲ. ಕಪ್ಪು ಮಸಿ ಬೆಳಕು ಹೀರಿ ಬಿಸಿಯಾಗತ್ತೆ, ಅದಕ್ಕೆ ಅದರ ಮೇಲೆ ಇಡೋದೇ ಇಲ್ಲ. ಮೊಣಕಾಲು ಚಿಪ್ಪಿನ ಕೆಳಗೆ ಬರಿ ಚರ್ಮ ಇದೆಯಲ್ಲ, ಅಲ್ಲಿ."

ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಳು. ಅವನಿಗೆ ಏನೂ ಕಾಣದು. ಹಂದಿಹಲ್ಲಿಗೆ ಬೆಚ್ಚದವನು, ಪೆನ್ನಿನಂಥ ಕಡ್ಡಿ ಚರ್ಮಕ್ಕೆ ತಾಗಿದ್ದೇ ಬೆಚ್ಚಿ ಕಾಲೆಳೆದುಕೊಂಡ.

"ಸುಡ್ತಿದೆ! ಗೀರು ಹೋಯ್ತು!"

"ಅಜ್ಜ, ನಾನಿನ್ನೂ ಗುಂಡಿ ಒತ್ತೇ ಇಲ್ಲ."

ನನಗೆ ನಗು ಬಂತು, ಆದರೆ ನಗಲಿಲ್ಲ. ಅವನ ಬೆರಳು ನನ್ನ ಮಣಿಕಟ್ಟನ್ನು ಅಷ್ಟು ಬಿಗಿಯಾಗಿ ಹಿಡಿದಿತ್ತು. ಆ ಹುಡುಗಿಯ ಕೈ ಒಂದು ಚೂರು ಮೇಲೆ ಜಾರಿದರೆ?

ಜಾರಲಿಲ್ಲ. ಹಲವು ಸಲ ಹೋಗಿ ಬಂದ ಮೇಲೆ ಊತ ಇಳಿಯಿತು. ಒಂದು ದಿನ ಸಭೆಮನೆಯಲ್ಲಿ ಅವನು ಕಾಲು ಮಡಿಸಿ ಕೂತದ್ದನ್ನು ಹೊರಗಿಂದಲೇ ನೋಡಿದೆ. ಆದರೂ ಬೆಳಿಗ್ಗೆ ಎದ್ದರೆ ಪಂಚೆ ಎತ್ತಿ, ಮೊಣಕಾಲಿನ ಗೀರುಗಳ ಮೇಲೆ ಬೆರಳಾಡಿಸಿ ನೋಡಿಕೊಳ್ಳುವುದನ್ನು ಬಿಡಲಿಲ್ಲ. "ಮಾಸಿದೆ ಅಲ್ವಾ?" ಎಂದು ಕಂಡಾಗಲೆಲ್ಲ ನನ್ನನ್ನು ಕೇಳುತ್ತಿದ್ದ. ಒಂದೂ ಮಾಸಿರಲಿಲ್ಲ.

ಮುಂದಿನ ವರ್ಷ ಎದೆಯಲ್ಲಿ ನೀರು ತುಂಬಿ ಮಲಗಿದ. ಒಂದೊಂದು ಮಾತಿಗೂ ಏದುಸಿರು ಬಿಡುತ್ತಿದ್ದ. ಕೈಸನ್ನೆ ಮಾಡಿ ನನ್ನನ್ನು ಹತ್ತಿರ ಕರೆದ.

"ಅತ್ತಿಗೆ, ನಾನು ಸತ್ತ ಮೇಲೆ ನನ್ನ ಮೈ ತೊಳೆಯೋವಾಗ ನೀನೂ ಬಾಗಿಲಲ್ಲಿರು. ಮೊಣಕಾಲಲ್ಲಿ ಗೀರು ಕಮ್ಮಿ ಇದೆ ಅಂತ ಯಾರಾದ್ರೂ ಅಂದ್ರೆ, ಬೆಳಕು ಅಳಿಸಿದ್ದು, ಅವನು ಎದ್ದು ಓಡಿದ್ದಲ್ಲ ಅಂತ ಹೇಳ್ತೀಯಾ?"