ಹಲೋ ಮಾವನ ಕೈಗುಣ

ಆ ಊರಿನಲ್ಲಿ ಅತಿ ಹೆಚ್ಚು ಸಭೆಗಳಿಗೆ ಹೋದವನು ಯಾರು ಅಂತ ಕೇಳಿದರೆ ಯಾವ ಮುಖಂಡನ ಹೆಸರೂ ಬರುವುದಿಲ್ಲ, ಹಲೋ ಮಾವನದೇ ಬರುತ್ತದೆ. ಆ ಸಭೆಗಳಲ್ಲಿ ಅತಿ ಕಡಿಮೆ ಮಾತಾಡಿದವನು ಯಾರು ಅಂದರೂ ಅವನೇ. ಮೈಕ್ ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು. ಸಭೆ ಶುರುವಾಗುವ ಮುಂಚೆ ವೇದಿಕೆ ಹತ್ತಿ, ಮೈಕಿನ ತಲೆಯನ್ನು ಬೆರಳಲ್ಲಿ ತಟ್ಟಿ, "ಹಲೋ... ಹಲೋ... ಕೇಳಿಸ್ತಾ ಇದ್ಯಾ?" ಅನ್ನುತ್ತಿದ್ದ. ಅಲ್ಲಿಗೆ ಅವನ ಭಾಷಣ ಮುಗಿಯಿತು. ಆಮೇಲೆ ಮೂಲೆಯಲ್ಲಿ ಕಬ್ಬಿಣದ ಕುರ್ಚಿ ಎಳೆದುಕೊಂಡು, ಆಂಪ್ಲಿಫೈಯರ್ ಪಕ್ಕ ಕೂತುಬಿಟ್ಟರೆ ವಂದನಾರ್ಪಣೆಯವರೆಗೂ ಮಿಸುಕುತ್ತಿರಲಿಲ್ಲ. ಚಿಕ್ಕವರು ದೊಡ್ಡವರೆಲ್ಲ ಅವನನ್ನು ಹಲೋ ಮಾವ ಅಂತಲೇ ಕರೆದು ಕರೆದು, ಅವನ ಸ್ವಂತ ಹೆಸರು ಕರೆಂಟ್ ಬಿಲ್ಲಿನಲ್ಲಷ್ಟೇ ಉಳಿದುಕೊಂಡಿತ್ತು.

ಇಂಥ ಮೂಗಬಸವನಿಗೆ ಸಿಕ್ಕ ಹೆಂಡತಿಯೋ, ಬಾಲವಾಡಿ ಟೀಚರು. ದಿನವಿಡೀ ಮಕ್ಕಳ ಮೇಲೆ ಕೂಗಿ ಕೂಗಿ ಅವಳ ಗಂಟಲು ಎಂದೋ ಹರಿದುಹೋಗಿತ್ತು. ಮಾತು ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಒಡಕು ದನಿಯಲ್ಲೇ ಗಂಡನನ್ನು, ನಲ್ಲಿ ನೀರು ಬಿಡುವವನನ್ನು, ರಸ್ತೆ ಅಗೆದು ಹಾಗೇ ಬಿಟ್ಟುಹೋದವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಮೇಲಿನ ಬೀದಿಯಲ್ಲಿ ಅವರದು ಎರಡು ಕೋಣೆಯ ಮನೆ. ಒಂದರಲ್ಲಿ ಇವರು, ಇನ್ನೊಂದರಲ್ಲಿ ಸ್ಪೀಕರ್ ಪೆಟ್ಟಿಗೆಗಳು. ದೊಡ್ಡ ಕೋಣೆ ಪೆಟ್ಟಿಗೆಗಳದು ಅಂತ ಬೇರೆ ಹೇಳಬೇಕಿಲ್ಲವಲ್ಲ. ಆದರೂ ಆ ಮನೆ ಅಂದರೆ ಅವಳಿಗೆ ಪ್ರಾಣ. ಕಟ್ಟುವಾಗ ಗಾರೆಯವರ ಜೊತೆ ತಾನೂ ನಿಂತು ಇಟ್ಟಿಗೆ ಹೊತ್ತಿದ್ದಳು. ಅಡುಗೆಮನೆ ಕಿಟಕಿ ಇಷ್ಟೇ ಎತ್ತರಕ್ಕೆ ಇರಬೇಕು, ಒಲೆ ಮುಂದೆ ನಿಂತರೆ ರಸ್ತೆ ಕಾಣಬೇಕು ಅಂತ ಹಟ ಹಿಡಿದು, ಇಟ್ಟಿದ್ದ ಚೌಕಟ್ಟನ್ನು ಕೀಳಿಸಿ ಮತ್ತೆ ಇಡಿಸಿದ್ದಳು.

ಆ ಊರಿನ ಅಡಿಯಲ್ಲೆಲ್ಲ ಅದಿರು. ನೆಲದೊಳಗೆ ಇಷ್ಟು ಸಂಪತ್ತಿರುವಾಗ ಮೇಲೆ ಜನ ವಾಸ ಮಾಡುವುದು ದೊಡ್ಡ ಅಡಚಣೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗೆ ಹೇಳುವುದಕ್ಕೇ ಒಂದು ಮರ್ಯಾದೆಯ ದಾರಿ ಕಂಡುಕೊಂಡಿದ್ದರು. ಅದಕ್ಕೆ ಪ್ರಾದೇಶಿಕ ಭೂಬಳಕೆ ಯೋಜನೆ ಅಂತ ಹೆಸರು. ಯೋಜನಾ ಕಚೇರಿಯ ಗೋಡೆಯ ಮೇಲೆ ಮಂಚದಷ್ಟು ಅಗಲದ ನಕ್ಷೆ ತೂಗುಹಾಕಿತ್ತು. ಮನೆಗಳಿಗೆ ಹಳದಿ, ಹೊಲಗಳಿಗೆ ಹಸಿರು, ಗಣಿಗೆ ನೇರಳೆ, ಗಣಿ ಅಗೆದಾಗ ಬರುವ ಬೇಡದ ಮಣ್ಣು ಸುರಿಯುವ ಜಾಗಕ್ಕೆ ಕಂದು. ವರ್ಷ ವರ್ಷವೂ ನೇರಳೆ ದಪ್ಪವಾಗುತ್ತಿತ್ತು, ಅದರ ಹಿಂದೆ ಕಂದು ಬಾಲ ಬೆಳೆಯುತ್ತಿತ್ತು. ಆದರೆ ಬಣ್ಣ ಬದಲಾಯಿಸುವ ಮುಂಚೆ ಜನರನ್ನು ಒಂದು ಮಾತು ಕೇಳಬೇಕು ಅಂತ ಕಾನೂನಿತ್ತು. ಜನರನ್ನು ಕೇಳಬೇಕು ಅಂದರೆ ಸಭೆ ಬೇಕು, ಸಭೆಗೆ ಮೈಕ್ ಬೇಕು. ಹೀಗೆ ನಮ್ಮ ಹಲೋ ಮಾವನಿಗೆ ಕೈತುಂಬ ಕೆಲಸ.

ಕಚೇರಿಯವರು ಬೇರೆ ಯಾರ ಮೈಕನ್ನೂ ಕರೆಸುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಮೈಕಿನ ಮುಂದೆ ಯಾರಾದರೂ ಆವೇಶದಲ್ಲಿ ಕಿರುಚಿದರೆ ಸ್ಪೀಕರ್ ಕುಂಯ್ ಅಂತ ಅರಚಿಕೊಳ್ಳುತ್ತದೆ, ಒಮ್ಮೊಮ್ಮೆ ಒಳಗಿನ ಕಾಗದವೇ ಹರಿದುಹೋಗುತ್ತದೆ. ಆ ಭಯಕ್ಕೆ ಹಲೋ ಮಾವ ಮಾತಾಡುವವರ ಕತ್ತನ್ನೇ ನೋಡುತ್ತಾ ಕೂರುತ್ತಿದ್ದ. ಕತ್ತಿನ ನರ ಉಬ್ಬಿತೋ, ಅವನ ಬಲಗೈ ತಾನಾಗಿಯೇ ವಾಲ್ಯೂಮ್ ಗುಂಡಿಯನ್ನು ಇಳಿಸುತ್ತಿತ್ತು. ಅದೂ ಹೇಗೆ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ! ಮಾತಾಡುವವನಿಗೆ ಗೊತ್ತಾಗುತ್ತಿರಲಿಲ್ಲ, ಕೇಳುವವರಿಗೂ ಗೊತ್ತಾಗುತ್ತಿರಲಿಲ್ಲ. ಹುಲಿಯ ಹಾಗೆ ಎದ್ದುನಿಂತವನು ಇಲಿಯ ಹಾಗೆ ಕೀಚುಗುಟ್ಟಿ, ತನ್ನ ಮಾತಿನಲ್ಲೇ ದಮ್ಮಿಲ್ಲವೇನೋ ಅಂದುಕೊಂಡು ಕೂತುಬಿಡುತ್ತಿದ್ದ.

"ನಿಮ್ಮ ಕೈಗುಣ ದೊಡ್ಡದು ಕಣ್ರೀ," ಅನ್ನುತ್ತಿದ್ದರು ಯೋಜನಾಧಿಕಾರಿ. "ನಿಮ್ಮ ಮೈಕ್ ಇದ್ರೆ ಸಭೆ ಎಷ್ಟು ಶಾಂತವಾಗಿ ನಡೆಯುತ್ತೆ!"

ಹಲೋ ಮಾವ ಹಲ್ಲು ಕಿರಿಯುತ್ತಿದ್ದ. ಅವನ ಲೆಕ್ಕದಲ್ಲಿ ಅವನು ಸ್ಪೀಕರ್ ಕಾಪಾಡುತ್ತಿದ್ದ, ಅಷ್ಟೇ. ತಾನು ಊರಿನ ಬಾಯಿ ಮುಚ್ಚಿಸುತ್ತಿದ್ದೇನೆ ಅಂತ ಯಾರಾದರೂ ಹೇಳಿದ್ದರೆ ಪಾಪ, ಬೆಚ್ಚಿಬೀಳುತ್ತಿದ್ದ.

ಆ ಸಲದ ನಕ್ಷೆಯಲ್ಲಿ ಕಂದು ಬಾಲ ಮೇಲಿನ ಬೀದಿಯನ್ನು ಪೂರ್ತಿ ನುಂಗಿತ್ತು. ನಕ್ಷೆ ನೋಡಿಬಂದ ದಿನ ಟೀಚರಮ್ಮ ಅನ್ನಕ್ಕೆ ಇಡುವುದನ್ನೂ ಮರೆತು ಕೂತಿದ್ದಳು.

"ಮನೆ ಮೇಲೆ ಮಣ್ಣು ಸುರೀತಾರಂತಲ್ರೀ! ಬದುಕಿರೋವಾಗ್ಲೇ!"

"ಪರಿಹಾರ ಕೊಡ್ತಾರಂತೆ ಕಣೇ."

"ಯಾರಿಗ್ರೀ ಬೇಕು ಅವರ ಪರಿಹಾರ? ಸಭೇಲಿ ನಾನೇ ಮಾತಾಡ್ತೀನಿ. ನನ್ನ ಗಂಟಲು ಸರಿಯಿಲ್ಲ, ಆದ್ರೇನು? ನಿಮ್ಮ ಮೈಕ್ ಇದೆಯಲ್ಲ. ಸ್ವಂತ ಗಂಡ ಗುಂಡಿ ಹತ್ರ ಕೂತಿರುವಾಗ ನನಗೇನು ಭಯ?"

ಬೀದಿಯವರೆಲ್ಲ ಅವಳನ್ನೇ ಮುಂದೆ ಮಾಡಿದರು. ಸಭೆಯ ದಿನ ಪುರಭವನ ಗಿಜಿಗುಡುತ್ತಿತ್ತು. ಹಳೆಯ ಫ್ಯಾನುಗಳು ಗಡಗಡ ಅನ್ನುತ್ತಿದ್ದವು. ಟೀಚರಮ್ಮ ಸೆರಗು ಸರಿಮಾಡಿಕೊಂಡು ಮೈಕಿನ ಮುಂದೆ ನಿಂತಳು. ಶುರುವಿನಲ್ಲಿ ತಣ್ಣಗೇ ಮಾತಾಡಿದಳು.

"ನಕ್ಷೇಲಿ ನಮ್ಮ ಬೀದೀನ ವಿರಳ ವಸತಿ ಅಂತ ತೋರಿಸಿದೀರಿ ಸಾರ್. ಒಂದು ಬೆಳಿಗ್ಗೆ ಬನ್ನಿ, ನಲ್ಲಿ ಹತ್ರ ನಿಮಗೆ ನಿಂತ್ಕೊಳ್ಳೋಕೆ ಜಾಗ ಸಿಗುತ್ತಾ ನೋಡೋಣ."

ಜನ ನಕ್ಕರು, ಚಪ್ಪಾಳೆ ತಟ್ಟಿದರು. ಹಲೋ ಮಾವನ ಎದೆ ಉಬ್ಬಿತು. ಎಲಾ ಇವಳಾ, ಅಂದುಕೊಂಡ. ಆಮೇಲೆ ಅವಳು ಇಟ್ಟಿಗೆ ಹೊತ್ತ ವಿಷಯಕ್ಕೆ ಬಂದಳು. ಕಿಟಕಿಯ ವಿಷಯಕ್ಕೆ ಬಂದಳು. ಮೈಮೇಲೆ ಬಂದವಳ ಹಾಗೆ ಬೆರಳು ಎತ್ತಿದಳು, ಕತ್ತಿನ ನರ ಉಬ್ಬಿತು. ಮುಂದಿನ ಸಾಲಿನವರು ಕಿವಿಗೆ ಕೈಯೊಡ್ಡಿದರು, ಹಿಂದಿನವರು "ಏನಂದ್ರು, ಏನಂದ್ರು?" ಅಂತ ಪಕ್ಕದವರನ್ನು ಕೇಳತೊಡಗಿದರು. ಫ್ಯಾನಿನ ಸದ್ದೇ ದೊಡ್ಡದಾಯಿತು. ಟೀಚರಮ್ಮ ಗಂಟಲು ಮುಟ್ಟಿ ನೋಡಿಕೊಂಡಳು, ಕೆಮ್ಮಿದಳು, ಇನ್ನೊಂದು ಸಲ ಯತ್ನಿಸಿದಳು.

"ನಿಮ್ಮ ಭಾವನೆ ಅರ್ಥ ಆಯ್ತಮ್ಮ, ದಯವಿಟ್ಟು ಕೂತ್ಕೊಳ್ಳಿ," ಅಂದರು ಅಧಿಕಾರಿ. ಮೇಜಿನ ಮೇಲಿನ ಅವರ ಮೈಕಿಗೆ ಬೇರೆ ಗುಂಡಿ. ಅವರ ದನಿ ಮಾತ್ರ ಮೂಲೆ ಮೂಲೆಗೂ ಮುಟ್ಟಿತು, ಯಾಕೆಂದರೆ ಅವರ ಕತ್ತಿನ ನರ ಯಾವತ್ತೂ ಉಬ್ಬುತ್ತಿರಲಿಲ್ಲ. "ಮುಂದಿನವರು ಬನ್ನಿ."

ಆಗ ಹಲೋ ಮಾವ ಯಂತ್ರದ ಕಡೆ ತಿರುಗಿದ. ಬಲಗೈ ಟೀಚರಮ್ಮನ ಮೈಕಿನ ಗುಂಡಿಯ ಮೇಲಿತ್ತು. ಗುಂಡಿ ಪೂರಾ ಕೆಳಗಿತ್ತು.

ಮನೆಯಲ್ಲಿ ಟೀಚರಮ್ಮ ಉಪ್ಪುನೀರು ಬಾಯಿಗೆ ಹಾಕಿಕೊಂಡು ಗಳಗಳ ಅನ್ನಿಸಿ ಉಗುಳುತ್ತಿದ್ದಳು. "ಹಾಳು ಗಂಟಲು ಹೊತ್ತಿಗೆ ಸರಿಯಾಗಿ ಕೈಕೊಡ್ತು. ಬೀದಿಯವರಿಗೆ ಹೇಗೆ ಮುಖ ತೋರಿಸ್ಲಿ?" ಅಂತ ಕಣ್ಣು ಒರೆಸಿಕೊಂಡಳು. ಸುಮ್ಮನಿದ್ದಿದ್ದರೆ ಅವನು ಬಚಾವಾಗುತ್ತಿದ್ದ. ಆದರೆ ಆ ಉಪ್ಪುನೀರಿನ ಸದ್ದು ಅವನಿಂದ ತಡೆಯಲಾಗಲಿಲ್ಲ.

"ನಿನ್ನ ಗಂಟಲಲ್ಲ ಕಣೇ. ನನ್ನ ಕೈ. ಗೊತ್ತಾಗ್ದೆ ಇಳಿಸಿಬಿಟ್ಟೆ."

ಅವಳು ಲೋಟ ಕೆಳಗಿಟ್ಟಳು.

"ಮದುವೆಯಾದಾಗಿಂದ 'ಮೆಲ್ಲಗೆ ಮಾತಾಡೇ, ಮೆಲ್ಲಗೆ ಮಾತಾಡೇ' ಅಂತಿದ್ರಿ. ಕೊನೆಗೂ ಸಾಧಿಸಿಬಿಟ್ರಿ ಅಲ್ವಾ?"

ಅಷ್ಟೇ. ಆಮೇಲೆ ಅವಳ ಬಾಯಿಂದ ಬಯ್ಗುಳವೂ ಬರಲಿಲ್ಲ. ಆ ಮನೆಯಲ್ಲಿ ಬಯ್ಗುಳ ಇಲ್ಲ ಅಂದರೆ ಪರಿಸ್ಥಿತಿ ಎಲ್ಲಿಗೆ ಬಂತು ಅಂತ ನೀವೇ ಊಹಿಸಿ. ಬೆಳಗಾಗುತ್ತಲೇ ಅವನು ಯೋಜನಾ ಕಚೇರಿಗೆ ಓಡಿದ.

"ಸಾರ್, ತಪ್ಪಾಗಿದೆ. ನಾನು ವಾಲ್ಯೂಮ್ ಇಳಿಸ್ಬಿಟ್ಟೆ. ಯಾರಿಗೂ ಏನೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಸಭೆ ಕರೀರಿ ಸಾರ್."

ಅಧಿಕಾರಿ ಗಾಬರಿಯಿಂದ ಎದ್ದು ಬಾಗಿಲು ಮುಂದೆ ಮಾಡಿದರು. "ಛೆ ಛೆ, ಏನ್ರೀ ಇದು! ಇಳಿಸ್ದೆ ಅಂತ ಹೇಳಿದ್ರೆ ಇಷ್ಟು ವರ್ಷದ ಸಭೆಗಳ ಕಥೆ ಏನಾಗ್ಬೇಕು? ಯಾಕೆ ಇಳಿಸಿದ್ರಿ, ಯಾರು ಹೇಳಿದ್ರು, ಅಂತೆಲ್ಲ ಶುರುವಾಗುತ್ತೆ. ಮೈಕ್ ಕೆಟ್ಟಿತ್ತು ಅಂತ ಬರೆದುಕೊಡಿ. ಮೈಕ್ ಕೆಟ್ರೆ ಮರುಸಭೆ ಕರೆಯೋಕೆ ನಿಯಮದಲ್ಲೇ ಅವಕಾಶ ಇದೆ."

ನೋಡಿ, ಧೂಳು, ನೀರು, ಮಕ್ಕಳು, ಮನೆ ಅಂತ ಜನ ಎಷ್ಟು ಬಡಕೊಂಡರೂ ಯಾವ ನಿಯಮವೂ ಅಲ್ಲಾಡಿರಲಿಲ್ಲ. ಮೈಕ್ ಕೆಟ್ಟಿತು ಅಂದಾಕ್ಷಣ ಅಲ್ಲಾಡಿತು! ಆದರೆ ಅದನ್ನು ಬರೆಯುವುದು ಹಲೋ ಮಾವನಿಗೆ ಸುಲಭವಿರಲಿಲ್ಲ. ತನ್ನ ಮೈಕ್ ಒಂದು ಸಲವೂ ಕೈಕೊಟ್ಟಿಲ್ಲ ಅನ್ನುವುದೊಂದೇ ಅವನು ಜೀವಮಾನದಲ್ಲಿ ಸಂಪಾದಿಸಿದ ಆಸ್ತಿ. ಅಡುಗೆಯವನ ಕೈಯಲ್ಲಿ 'ನನ್ನ ಅಡುಗೆ ಹಳಸಿತ್ತು' ಅಂತ ಬರೆಸಿಕೊಂಡ ಹಾಗಿತ್ತು ಅದು. ಆದರೂ ಹಲ್ಲು ಕಚ್ಚಿಕೊಂಡು ಬರೆದ. ಮರುಸಭೆಗೆ ಬೇರೆ ಮೈಕ್ ಗೊತ್ತುಮಾಡುವಷ್ಟು ಪುರುಸೊತ್ತು ಕಚೇರಿಗೆ ಇರಲಿಲ್ಲವಾದ್ದರಿಂದ, ಕೆಟ್ಟ ಮೈಕಿಗೇ ಮತ್ತೆ ಆರ್ಡರ್ ಕೊಟ್ಟರು.

ಎರಡನೇ ಸಭೆಗೆ ಮೇಲಿನ ಬೀದಿಯವರ ಜೊತೆ ಕೆಳಗಿನ ಬೀದಿಯ ಹೊಲಿಗೆಯವಳೂ ಬಂದಿದ್ದಳು. ಹಲೋ ಮಾವನ ಸ್ಪೀಕರ್ ಪೆಟ್ಟಿಗೆಗಳ ಗವಸು ಹೊಲಿದುಕೊಡುತ್ತಿದ್ದವಳು ಅವಳೇ. ಟೀಚರಮ್ಮನನ್ನು ಬಾಯಿತುಂಬ ಅಕ್ಕಾ ಅನ್ನುತ್ತಿದ್ದಳು, ಇವನನ್ನು ಭಾವ ಅನ್ನುತ್ತಿದ್ದಳು. "ಧೈರ್ಯವಾಗಿ ಮಾತಾಡಕ್ಕಾ, ನಾನಿದ್ದೀನಿ ಚಪ್ಪಾಳೆ ಹೊಡೆಯೋಕೆ," ಅಂತ ಹಿಂದಿನ ಸಾಲಿನಲ್ಲಿ ಕೂತಳು.

ಹಲೋ ಮಾವ ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತ. ಟೀಚರಮ್ಮ ಮಾತಾಡಿದಳು. ಒಡಕು ದನಿಯ ಪ್ರತಿಯೊಂದು ಒಡಕೂ ಗೋಡೆಗೆ ಬಡಿದು ವಾಪಸು ಬಂತು. ಇಟ್ಟಿಗೆ ಕೇಳಿಸಿತು, ಕಿಟಕಿ ಕೇಳಿಸಿತು. ನಡುವೆ ಸ್ಪೀಕರ್ ಎರಡು ಸಲ ಕುಂಯ್ ಅಂದರೂ ಅವನು ಕೈ ಆಚೆ ತೆಗೆಯಲಿಲ್ಲ. ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು, ಹೊಲಿಗೆಯವಳು ಎಲ್ಲರಿಗಿಂತ ಜೋರಾಗಿ. ಪತ್ರಿಕೆಯವರು ಫೋಟೋ ತೆಗೆದರು. ಅಧಿಕಾರಿ ಬೆವರು ಒರೆಸಿಕೊಂಡು, ಮೇಜಿನ ಮೇಲೆ ಹಾಸಿದ್ದ ನಕ್ಷೆಗೆ ಬಗ್ಗಿ, ಮೇಲಿನ ಬೀದಿಯ ಕಂದು ಗೆರೆಯನ್ನು ರಬ್ಬರಿನಿಂದ ಅಳಿಸಿದರು.

"ಜನಾಭಿಪ್ರಾಯಕ್ಕೆ ತಲೆಬಾಗಿ ಮೇಲಿನ ಬೀದಿಯನ್ನು ಕೈಬಿಟ್ಟಿದ್ದೇವೆ," ಅಂದರು. ಟೀಚರಮ್ಮ ಮುಂದಿನ ಸಾಲಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹಲೋ ಮಾವನಿಗೂ ಕಣ್ಣು ತುಂಬಿ ಬಂತು. ಅಬ್ಬಾ, ಮನೆ ಉಳಿಯಿತು! ಅಷ್ಟರಲ್ಲಿ ಅಧಿಕಾರಿ ಪೆನ್ಸಿಲ್ ತೆಗೆದುಕೊಂಡು ನಕ್ಷೆಯ ಮೇಲೆ ಇನ್ನೊಂದು ಗೆರೆ ಎಳೆದರು. "ಮಣ್ಣನ್ನು ಎಲ್ಲಾದರೂ ಸುರಿಯಲೇಬೇಕಲ್ಲ. ಕೆಳಗಿನ ಬೀದಿಯಿಂದ ಯಾವ ಆಕ್ಷೇಪವೂ ಬಂದಿಲ್ಲ. ಹಾಗಾಗಿ ಅಲ್ಲಿಗೆ."

ಆಕ್ಷೇಪ ಬರುವುದಕ್ಕೆ ಅವರನ್ನು ಯಾರಾದರೂ ಕೇಳಿದ್ದರೆ ತಾನೆ! ಹೊಲಿಗೆಯವಳು ಹಿಂದಿನಿಂದ ಎದ್ದು ಓಡೋಡುತ್ತಾ ಬಂದು ಮೈಕಿನ ಮುಂದೆ ನಿಂತಳು. ಚಪ್ಪಾಳೆ ತಟ್ಟಿ ತಟ್ಟಿ ಅವಳ ಅಂಗೈ ಇನ್ನೂ ಕೆಂಪಗಿತ್ತು.

"ಅಲ್ಲಿ ನಮ್ಮ ಮನೆ ಇದೆ ಸಾರ್! ಮಷಿನ್ ಇದೆ! ಕಾಲಿಲ್ಲದ ನಮ್ಮಪ್ಪ ಇದ್ದಾರೆ!"

ಕತ್ತಿನ ನರ ಉಬ್ಬಿತ್ತು. ಹಲೋ ಮಾವನ ಬಲಗೈ ತೊಡೆಯ ಕೆಳಗೆ ಮಿಸುಕಿತು. ತಲೆ ಎತ್ತಿದರೆ, ಮುಂದಿನ ಸಾಲಿನಿಂದ ಟೀಚರಮ್ಮ ಅವನತ್ತ ತಿರುಗಿದ್ದಳು. ಕೆನ್ನೆಯ ಮೇಲಿನ ಕಣ್ಣೀರು ಇನ್ನೂ ಆರಿರಲಿಲ್ಲ. ಮಡಿಲಲ್ಲಿದ್ದ ಕೈಯನ್ನು, ಪಕ್ಕದವರಿಗೆ ಕಾಣದ ಹಾಗೆ, ಅಂಗೈ ಕೆಳಗೆ ಮಾಡಿ ಮೆಲ್ಲಗೆ ಆಡಿಸಿದಳು. ಇಳಿಸಿ, ಇಳಿಸಿ.

ಇಳಿಸಿದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಮೈಕ್ ಕೆಟ್ಟಿದೆ ಅಂತ ಅವನೇ ಬರೆದುಕೊಟ್ಟಿದ್ದ. ಮನೆ ಉಳಿಯುತ್ತಿತ್ತು, ಹೆಂಡತಿ ಮತ್ತೆ ಬಯ್ಯಲು ಶುರುಮಾಡುತ್ತಿದ್ದಳು, ಅಧಿಕಾರಿ ಕೈಗುಣ ಹೊಗಳುತ್ತಿದ್ದರು. ಬೇಕಿದ್ದದ್ದು ಒಂದು ಬೆರಳಿನ ಕೆಲಸ. ಅವನಿಗೆ ಇಳಿಸುವ ಆಸೆ ಇರಲಿಲ್ಲ ಅಂತ ಹೇಳಿದರೆ ಶುದ್ಧ ಸುಳ್ಳಾಗುತ್ತದೆ. ಬಹಳ ಆಸೆಯಿತ್ತು.

ಹೊಲಿಗೆಯವಳು ಕುಳ್ಳಿ. ಟೀಚರಮ್ಮನ ಎತ್ತರಕ್ಕೆ ನಿಲ್ಲಿಸಿದ್ದ ಮೈಕ್ ಅವಳ ಹಣೆಗೆ ಬರುತ್ತಿತ್ತು. ಅವಳು ಹಿಮ್ಮಡಿ ಎತ್ತಿ ಎತ್ತಿ ಕೂಗುತ್ತಿದ್ದಳು. ಅರ್ಧ ಮಾತು ಮೈಕಿಗೆ ಸಿಗುತ್ತಿತ್ತು, ಅರ್ಧ ಫ್ಯಾನಿಗೆ ಹೋಗುತ್ತಿತ್ತು. ಹಲೋ ಮಾವ ಕುರ್ಚಿಯಿಂದ ಎದ್ದ. ಸಭೆಯ ನಡುವೆ ಅವನು ಎದ್ದದ್ದನ್ನು ಆ ಊರು ಅದೇ ಮೊದಲು ನೋಡಿದ್ದು. ನೆಟ್ಟಗೆ ಅವಳ ಹತ್ತಿರ ಹೋಗಿ, ಸ್ಟ್ಯಾಂಡಿನ ತಿರುಪು ಸಡಿಲಿಸಿ, ಮೈಕನ್ನು ಅವಳ ಬಾಯಿಯ ಮಟ್ಟಕ್ಕೆ ಇಳಿಸಿ, ಬಿಗಿ ಮಾಡಿದ.

"ಈಗ ಹೇಳಮ್ಮ," ಅಂದ. ಅದೂ ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ವಾಪಸು ಬಂದು ಕುರ್ಚಿಯಲ್ಲಿ ಕೂತ.

ಅವಳು ಹೇಳಿದಳು. ಅಪ್ಪನನ್ನು ಹೊತ್ತುಕೊಂಡು ಎಲ್ಲಿಗೆ ಹೋಗಲಿ ಅಂದಳು, ನಮ್ಮನ್ನು ಯಾರು ಕೇಳಿದರು ಅಂದಳು. ಪತ್ರಿಕೆಯವರು ಮತ್ತೆ ಕ್ಯಾಮೆರಾ ಎತ್ತಿದರು. ಅಧಿಕಾರಿ ಅವಳನ್ನೊಮ್ಮೆ, ಹಲೋ ಮಾವನನ್ನೊಮ್ಮೆ ನೋಡಿ, ಕೈಯಿಂದ ಪೆನ್ಸಿಲ್ ಬಿಟ್ಟು, ರಬ್ಬರಿಗಾಗಿ ಮೇಜಿನ ಮೇಲೆ ತಡಕಾಡಿದರು. ಕೆಳಗಿನ ಬೀದಿಯ ಗೆರೆ ಅಳಿಯಿತು. ಮಣ್ಣಿಗೆ ಜಾಗ ಮತ್ತೆ ಹುಡುಕಬೇಕಾಯಿತು. "ಎರಡೂ ಬೀದಿಗಳ ವಿಷಯ ಮುಂದಿನ ತೀರ್ಮಾನದವರೆಗೆ ಕಾಯ್ದಿರಿಸಿದೆ," ಅಂತ ಅಧಿಕಾರಿ ಗೊಣಗಿದರು.

ಮೇಲಿನ ಬೀದಿಯವರು ಒಬ್ಬೊಬ್ಬರಾಗಿ ಎದ್ದು ಹೊರಟರು, ಹಲೋ ಮಾವನ ಮುಖ ಯಾರೂ ನೋಡಲಿಲ್ಲ. ಕಟ್ಟಕಡೆಗೆ ಟೀಚರಮ್ಮ ಎದ್ದು ಅವನ ಕುರ್ಚಿಯ ಹತ್ತಿರ ಬಂದು ನಿಂತಳು. ಕತ್ತಿನ ನರ ಉಬ್ಬಿರಲಿಲ್ಲ. ಮಕ್ಕಳಿಗೆ ಪಾಠ ಹೇಳುವ ಹಾಗೆ ತಣ್ಣಗೆ ಹೇಳಿದಳು.

"ಮೊದಲನೇ ಸಲ ಗೊತ್ತಿಲ್ದೆ ಮಾಡಿದ್ರಿ, ಕ್ಷಮಿಸ್ದೆ. ಈ ಸಲ ಗೊತ್ತಿದ್ದೂ ಮಾಡಿದ್ರಿ."

ಉತ್ತರಕ್ಕೆ ಕಾಯದೆ ಬಾಗಿಲ ಕಡೆ ನಡೆದಳು. ಹಲೋ ಮಾವನಿಗೆ ಏನೋ ಹೇಳಬೇಕು ಅನ್ನಿಸಿತು. ಬಾಯಿ ತೆರೆದ, ಆದರೆ ಅವನಿಗೆ ಅಭ್ಯಾಸವಿದ್ದದ್ದು ಒಂದೇ ಮಾತು, ಅದು ಈಗ ಕೆಲಸಕ್ಕೆ ಬರುವಂಥದ್ದಲ್ಲ. ವೇದಿಕೆಯ ಮೇಲೆ ಹೊಲಿಗೆಯವಳು ಇನ್ನೂ ಮಾತಾಡುತ್ತಿದ್ದಳು. ಅವಳಿಗೆ ನಿಲ್ಲಿಸಲು ಆಗುತ್ತಿರಲಿಲ್ಲ. ಅವನು ವೈರು ಸುತ್ತಲಿಲ್ಲ, ಅವಳು ಮುಗಿಸುವವರೆಗೂ ಕೂತೇ ಇದ್ದ.