ಲಾಲ್ ಸಾಬರ ಪರದೆಯನ್ನು ನಾನು ಮುಟ್ಟಿದ್ದು

ನನ್ನ ಕೈಬರಹ ಚೆನ್ನಾಗಿಲ್ಲ, ಮಾತೂ ಸರಾಗವಾಗಿ ಬರುವುದಿಲ್ಲ. ಓದುವವರು ಕ್ಷಮಿಸಬೇಕು. ಮೂರು ಸಲ ಬರೆದು ಹರಿದಿದ್ದೇನೆ, ಇದು ನಾಲ್ಕನೆಯದು. ಜೀವನವಿಡೀ ಅಕ್ಷರ ಬರೆದೇ ಬದುಕಿದ ಒಬ್ಬರ ಬಗ್ಗೆ ಇಷ್ಟು ಕೆಟ್ಟ ಅಕ್ಷರದಲ್ಲಿ ಬರೆಯಲು ನಾಚಿಕೆಯಾಗುತ್ತದೆ. ವಿದ್ಯಾನಗರದ ವಾಚನಾಲಯದ ಸುಧಾ ಮೇಡಂ, "ನಿನಗೆ ಗೊತ್ತಿರೋ ಒಬ್ಬರ ಬಗ್ಗೆ ಬರಿ. ದೊಡ್ಡೋರೇ ಆಗ್ಬೇಕು ಅಂತಿಲ್ಲ. ನಮ್ಮ ಪುಸ್ತಕಕ್ಕೆ ಹಾಕೋಣ" ಎಂದಿದ್ದರು. ನನಗೆ ಗೊತ್ತಿರುವವರು ಕಡಿಮೆ. ಹರಿಹರದ ಲಾಲ್ ಸಾಬರನ್ನು ನಾನು ಎದುರಿಗೆ ನೋಡಿದ್ದು ಎರಡೇ ಸಲ. ಆದರೆ ಅವರು ಕೆಲಸ ಮಾಡುವುದನ್ನು ಹದಿನಾಲ್ಕು ತಿಂಗಳು ದಿನಾಲೂ ನೋಡಿದ್ದೇನೆ. ಅದು ಹೇಗೆಂದು ಮೊದಲು ಹೇಳುತ್ತೇನೆ.

ನನ್ನ ಹೆಸರು ಚೌಡೇಶ್ವರಿ, ವಯಸ್ಸು ಹದಿನೇಳು. ಪಿಯುಸಿ ಮೊದಲ ವರ್ಷವನ್ನು ಅರ್ಧಕ್ಕೆ ಬಿಟ್ಟೆ. ತರಗತಿಯಲ್ಲಿ ಎದ್ದು ನಿಂತು ಓದು ಎಂದರೆ ನನಗೆ ಗಂಟಲು ಕಟ್ಟಿಕೊಳ್ಳುತ್ತಿತ್ತು. ಬೇರೆ ಕಾರಣವೇನೂ ಇಲ್ಲ. ಆಮೇಲೆ ದಾವಣಗೆರೆ ಪಿ.ಜೆ. ಬಡಾವಣೆಯಲ್ಲಿರುವ ಪ್ರಶಾಂತಣ್ಣನ ಫ್ಲೆಕ್ಸ್ ಅಂಗಡಿಗೆ ಸೇರಿದೆ. ಪ್ರಿಂಟ್ ಹಾಕುವ ಮಷೀನು ಇರುವುದು ನಮ್ಮಲ್ಲಿ. ಹರಿಹರದ ಬಸ್ ನಿಲ್ದಾಣದ ಹತ್ತಿರ ಅವರದೇ ಇನ್ನೊಂದು ಚಿಕ್ಕ ಕೋಣೆಯಿದೆ, ಅಲ್ಲಿ ಒಂದೇ ಕಂಪ್ಯೂಟರು. ಬ್ಯಾನರು, ಬೋರ್ಡುಗಳ ಅಕ್ಷರವನ್ನು ಅಲ್ಲಿ ಲಾಲ್ ಸಾಬರು ಕೂರಿಸುತ್ತಿದ್ದರು. ಹೆಸರು, ಫೋನ್ ನಂಬರು ಸರಿಯಿದೆಯೇ ಎಂದು ಇಲ್ಲಿಂದ ನೋಡಿ ಪ್ರಿಂಟಿಗೆ ಹಾಕುವುದು ನನ್ನ ಕೆಲಸ.

ಇಲ್ಲಿಂದಲೇ ಅಲ್ಲಿಯದನ್ನು ನೋಡುವ ವ್ಯವಸ್ಥೆ ಮಾಡಿಕೊಟ್ಟವರು ಕಂಪ್ಯೂಟರ್ ರಿಪೇರಿಯ ಯೋಗರಾಜ್. ಪರದೆಯ ಮೇಲೆ ಒಂದು ಕಪ್ಪು ಕಿಟಕಿ ತೆಗೆದು, ಅದರಲ್ಲಿ ಒಂದೇ ಸಾಲು ಟೈಪ್ ಮಾಡಬೇಕು. ಅದನ್ನು ನನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವರೇ ಬರೆದುಕೊಟ್ಟರು:

vncviewer -ViewOnly harihara

ಮೊದಲನೆಯದು ನೋಡುವ ಪ್ರೋಗ್ರಾಮಿನ ಹೆಸರು, ಕೊನೆಯದು ಹರಿಹರದ ಕಂಪ್ಯೂಟರಿನ ಹೆಸರು. ಎಂಟರ್ ಒತ್ತಿ ಪಾಸ್‌ವರ್ಡ್ ಕೊಟ್ಟರೆ ಅಲ್ಲಿಯ ಪರದೆ ನನ್ನ ಪರದೆಯೊಳಗೆ ತೆರೆದುಕೊಳ್ಳುತ್ತದೆ. ಮಧ್ಯದ ಮಾತು ಯಾಕೆ ಎಂದು ನಾನು ಕೇಳಿದೆ.

"ಅದು ಇದ್ರೆ ನೀನು ಬರೀ ನೋಡ್ಬಹುದು. ಅದು ಇಲ್ಲ ಅಂದ್ರೆ ಇಲ್ಲಿ ನಿನ್ನ ಮೌಸ್ ಅಲ್ಲಾಡಿದ್ರೆ ಅಲ್ಲೂ ಅಲ್ಲಾಡ್ತೈತೆ," ಎಂದರು ಯೋಗರಾಜ್. "ಹಿರೇರ ಕೆಲಸ. ನೋಡು ಅಷ್ಟೇ, ಮುಟ್ಟಬ್ಯಾಡ."

ಲಾಲ್ ಸಾಬರಿಗೂ ಅವರು ಅಷ್ಟೇ ಹೇಳಿದ್ದರು: ಹುಡುಗಿ ನೋಡುತ್ತಾಳೆ, ಮುಟ್ಟುವುದಿಲ್ಲ.

ಬೆಳಿಗ್ಗೆ ಹತ್ತಕ್ಕೆ ನಾನು ಸಾಲು ಟೈಪ್ ಮಾಡುತ್ತಿದ್ದೆ. ಪರದೆ ತೆರೆದ ಕೂಡಲೇ ಲಾಲ್ ಸಾಬರಿಗೆ ಫೋನಿನಲ್ಲಿ ಒಂದು ಮಿಸ್ಡ್ ಕಾಲ್ ಕೊಡುತ್ತಿದ್ದೆ. ಆಗ ಅಲ್ಲಿಯ ಬಾಣದ ಗುರುತು ಮೇಲಕ್ಕೆ ಕೆಳಕ್ಕೆ ಎರಡು ಸಲ ಆಡುತ್ತಿತ್ತು. ಅದು ಅವರ ಸಲಾಮು. ಮಾತಾಡಬೇಕಾಗಿಲ್ಲದ ಆ ಸಲಾಮು ನನಗೆ ಬಹಳ ಹಿಡಿಸಿತ್ತು. ಅವರು ಸುಮ್ಮನಿರುವವರಲ್ಲ, ಕೆಲಸದ ನಡುವೆ ಫೋನ್ ಮಾಡುತ್ತಿದ್ದರು.

"ಏನ್ ಬೇಟಿ, ನೋಡ್ತಾ ಇದಿಯೇನು? ಬೆನ್ನ ಹಿಂದೆ ಯಾರೋ ಹೆಡ್ ಮೇಷ್ಟ್ರು ನಿಂತಂಗೆ ಆಗ್ತೈತಿ."

"ನೋಡ್ತಾ ಇದೀನಿ ಚಾಚಾ."

"ಚಾ ಕುಡಿಯೋದು ಕಾಣಲ್ಲ ಹೌದಿಲ್ಲೋ? ಅಷ್ಟರ ಮಟ್ಟಿಗೆ ಬಚಾವ್."

ತಮ್ಮ ಬದುಕನ್ನು ಅವರು ಹೀಗೆ ಫೋನಿನಲ್ಲಿ ಚೂರುಚೂರಾಗಿ ಹೇಳಿದರು. ಹನ್ನೆರಡನೆಯ ವಯಸ್ಸಿಗೆ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ನಂಬರು ಬರೆಯಲು ಶುರು ಮಾಡಿದವರು. ಮುಂದೆ ಮೂವತ್ತು ವರ್ಷ ಅಂಗಡಿ ಬೋರ್ಡು ಬರೆದರು. ಹರಿಹರದಿಂದ ಸೈಕಲ್ಲಿನಲ್ಲಿ ಬಣ್ಣದ ಡಬ್ಬಿ ಕಟ್ಟಿಕೊಂಡು ದಾವಣಗೆರೆಗೆ ಬರುತ್ತಿದ್ದರಂತೆ. ದಾರಕ್ಕೆ ನೀಲಿ ಪುಡಿ ಹಚ್ಚಿ, ಎರಡು ಕಡೆ ಹಿಡಿದು ಎಳೆದು ಬಿಟ್ಟರೆ ತಗಡಿನ ಮೇಲೆ ನೇರ ಗೆರೆ ಬೀಳುತ್ತದೆ. ಅಳತೆ ಗೆರೆಗೆ ಮಾತ್ರ, ಅದರ ಮೇಲಿನ ಅಕ್ಷರಕ್ಕೆ ಕಣ್ಣಳತೆ ಎನ್ನುತ್ತಿದ್ದರು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಬರೆಸುವವರು ಇಲ್ಲವಾದರು. ಹಲವು ವರ್ಷ ಮನೆಗಳಿಗೆ ಸುಣ್ಣ ಬಣ್ಣ ಹೊಡೆದರು. ಅರವತ್ತೆರಡನೆಯ ವಯಸ್ಸಿನಲ್ಲಿ ಪ್ರಶಾಂತಣ್ಣ ಕರೆದು ಕಂಪ್ಯೂಟರ್ ಮುಂದೆ ಕೂರಿಸಿದಾಗ, ಮೌಸು ಹಿಡಿದ ಮೊದಲ ದಿನ ಅದನ್ನೂ ಬ್ರಷ್ಷಿನಂತೆ ಎತ್ತಿ ಹಿಡಿದಿದ್ದರಂತೆ. "ಎಲ್ಲಾರೂ ನಕ್ರು. ನಾನೂ ನಕ್ಕೆ. ನಾಕು ತಿಂಗಳಿಗೆ ನಗು ನಿಂತೋಯ್ತು."

ಅವರ ಬಾಣ ನಿಧಾನವಾಗಿ ಹೋಗುತ್ತಿತ್ತು. ಒಂದು ಅಕ್ಷರದ ಬಾಗನ್ನು ಎಲ್ಲೂ ನಿಲ್ಲದೆ ಎಳೆದು ಮುಗಿಸಿ, ಸ್ವಲ್ಪ ಹಿಂದೆ ಸರಿದು ನಿಲ್ಲುತ್ತಿತ್ತು, ಬೋರ್ಡು ಬರೆದವರು ರಸ್ತೆಯ ಆಚೆಗೆ ಹೋಗಿ ನೋಡುವ ಹಾಗೆ.

ಒಂದು ಮಧ್ಯಾಹ್ನ ಗಡಿಬಿಡಿಯಲ್ಲಿ ಆ ಸಾಲಿನ ಮಧ್ಯದ ಮಾತನ್ನು ನಾನು ಬಿಟ್ಟು ಟೈಪ್ ಮಾಡಿದೆ. ನನ್ನ ಮೌಸು ಅಲುಗಿತು, ಹರಿಹರದ ಬಾಣವೂ ಅಲುಗಿತು. ಒಂದರಿಂದ ಎರಡರವರೆಗೆ ಅವರು ನಮಾಜಿಗೆ, ಊಟಕ್ಕೆ ಹೋಗುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ. ತಕ್ಷಣ ಮುಚ್ಚಿಬಿಟ್ಟೆ.

ಅಲ್ಲಿಗೇ ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಒಂದು ವಾರದ ಮೇಲೆ ಒಂದು ದವಾಖಾನೆಯ ಬ್ಯಾನರಿನಲ್ಲಿ ಎರಡು ಸಾಲು ಒಂದಕ್ಕೊಂದು ಚೂರು ಹಿಂದೆ ಮುಂದೆ ಇದ್ದವು. ಫೋನ್ ಮಾಡಿ ಹಿರಿಯರಿಗೆ ನಿಮ್ಮದು ತಪ್ಪಿದೆ ಎಂದು ಹೇಳುವುದು ನನ್ನಿಂದ ಆಗಲಿಲ್ಲ. ಹೇಳುವುದಕ್ಕಿಂತ ಸರಿಪಡಿಸುವುದೇ ಸುಲಭವೆನಿಸಿತು. ಅವರು ಊಟಕ್ಕೆ ಹೋದಾಗ ಮಧ್ಯದ ಮಾತನ್ನು ಬೇಕೆಂದೇ ಬಿಟ್ಟು ಟೈಪ್ ಮಾಡಿ, ಸಾಲನ್ನು ಸರಿಸಿದೆ. ಸಂಜೆ ಅವರು, "ಇವತ್ತಿನ ಕೆಲಸ ಚಲೋ ಬಂದೈತಿ ನೋಡು ಬೇಟಿ," ಎಂದರು. ನನಗೆ ಖುಷಿಯಾಯಿತು. ಆಮೇಲೆ ಆಗಾಗ ಹಾಗೆ ಮಾಡಿದೆ. ಮುಟ್ಟಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ: ತಾರೀಖು, ಹೊತ್ತು, ಯಾವ ಅಕ್ಷರ, ಎಷ್ಟು ಸರಿಸಿದೆ. ಮೊದಲಿನಂತೆ ಮಾಡಬೇಕಾದರೆ ಬೇಕಾಗುತ್ತದೆ ಎಂದು.

ಹೋದ ಮಾರ್ಚಿನಲ್ಲಿ ಮಂಡಿಪೇಟೆಯ ಕಾಳಿನ ವ್ಯಾಪಾರಿ ವಾಮದೇವಪ್ಪನವರು ಅಂಗಡಿಗೆ ಬಂದರು. ಅವರ ಅಂಗಡಿಗೆ ಅವರ ತಂದೆ ಪಂಚಾಕ್ಷರಪ್ಪನವರ ಹೆಸರು. ಮೂವತ್ತೈದು ವರ್ಷದ ಹಿಂದೆ ಲಾಲ್ ಸಾಬರೇ ತಗಡಿನ ಮೇಲೆ ಬರೆದ ಬೋರ್ಡು ತುಕ್ಕು ಹಿಡಿದು ಉದುರುತ್ತಿತ್ತು.

"ಹೊಸದು ಹಾಕ್ರಿ, ಆದ್ರೆ ಅಕ್ಷರ ಅದೇ ಬೇಕು. ಕಂಪ್ಯೂಟ್ರಿನ ಅಕ್ಷರ ಬ್ಯಾಡ. ಸಾಬ್ರು ಇದಾರಲ್ಲ?" ಎಂದರು.

"ಇದಾರ್ರಿ. ಅವರ ಕೈಯಾಗೇ ಮಾಡಿಸ್ತೀನಿ," ಎಂದರು ಪ್ರಶಾಂತಣ್ಣ.

ಲಾಲ್ ಸಾಬರಿಗೆ ಹಬ್ಬದಂತಾಯಿತು. ಹಳೆಯ ಬೋರ್ಡಿನ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ಎಂಟು ದಿನ ಆ ಒಂದು ಹೆಸರನ್ನು ಎಳೆದರು. ನಾನು ಎಂಟೂ ದಿನ ನೋಡಿದೆ. ಅಕ್ಷರಗಳು ಸುಂದರವಾಗಿದ್ದವು. ಆದರೆ ಅವುಗಳ ನಡುವಿನ ಜಾಗ ಒಂದೇ ಸಮ ಇರಲಿಲ್ಲ. ಸೊನ್ನೆ ಪ ಅಕ್ಷರದ ಮಗ್ಗುಲಿಗೆ ತೀರಾ ಒತ್ತಿಕೊಂಡಿತ್ತು. ಕ್ಷ ಅಕ್ಷರದ ಕೆಳಗಿನ ಒತ್ತಿನ ಮೇಲೆಯೇ ರ ಬಂದು ಕೂತಂತಿತ್ತು. ಅಳೆದು ನೋಡಿದೆ: ಒಂದು ಕಡೆ ಅರ್ಧ ಇಂಚು, ಇನ್ನೊಂದು ಕಡೆ ಎರಡು ಇಂಚು. ಕಣ್ಣಳತೆಯ ಮಾತನ್ನು ಅವರು ಎಷ್ಟೋ ಸಲ ಹೇಳಿದ್ದರು. ಆದರೂ ನನಗೆ ಅಂಕಿಯ ಮೇಲೆಯೇ ನಂಬಿಕೆ. ವಯಸ್ಸಾದವರಿಗೆ ಕಾಣಿಸಿಲ್ಲ ಎಂದುಕೊಂಡೆ. ಮಧ್ಯಾಹ್ನ ಒಂದೂಕಾಲಿಗೆ ಎಲ್ಲ ಕಡೆಯೂ ಸರಿಯಾಗಿ ಒಂದೂವರೆ ಇಂಚು ಮಾಡಿದೆ.

ಎರಡೂವರೆಗೆ ಅವರ ಬಾಣ ಬಂದು ಆ ಹೆಸರಿನ ಮೇಲೆ ಬಹಳ ಹೊತ್ತು ನಿಂತಿತು. ಆಮೇಲೆ ಎಲ್ಲವನ್ನೂ ಮೊದಲಿನ ಜಾಗಕ್ಕೆ ಎಳೆಯಿತು. ಮತ್ತೆ ತಪ್ಪು ಮಾಡುತ್ತಿದ್ದಾರಲ್ಲ ಎಂದು ಮರುದಿನ ನಾನು ಮತ್ತೆ ಸರಿಸಿದೆ. ಅವರು ಮತ್ತೆ ಎಳೆದರು. ಮೂರನೆಯ ದಿನವೂ ನಾನು ಸರಿಸಿದೆ. ಅವತ್ತು ಫೋನ್ ಬಂತು.

"ಬೇಟಿ, ಒಂದು ಮಾತು ಕೇಳ್ತೀನಿ, ನಗಬ್ಯಾಡ."

"ಕೇಳ್ರಿ ಚಾಚಾ."

"ಈ ರ ಐತಲ್ಲ, ಮೊನ್ನೆನೂ ಹತ್ರ ಎಳೆದಿಟ್ಟೆ, ನಿನ್ನೆನೂ ಎಳೆದಿಟ್ಟೆ. ಈಗ ನೋಡಿದ್ರೆ ಮತ್ತೆ ದೂರ ನಿಂತೈತಿ, ಮುನಿಸಿಕೊಂಡ ಸೊಸಿ ಹಂಗೆ. ನೀನು ನೋಡ್ತಾನೇ ಇರ್ತಿಯಲ್ಲ, ನಾನೇ ಸರಿಸಿದ್ನೇನು?"

ನಾನು ಸರಿಸಿದೆ ಎನ್ನಲು ಎರಡೇ ಮಾತು ಸಾಕಿತ್ತು.

"ನೀವೇ ಚಾಚಾ," ಎಂದೆ.

"ನಾನೇನಾ?"

"ಹ್ಞೂ."

"ಹಂಗಾದ್ರೆ ಅಣ್ಣನ ದಾರಿ ಹಿಡಿದೀನಿ ಅಂತಾಯ್ತು," ಎಂದರು. ಅವರ ಅಣ್ಣ ಕೊನೆಗಾಲದಲ್ಲಿ ಎಲ್ಲ ಮರೆತಿದ್ದರು. ಬೀಗ ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಬೀಗ ಹುಡುಕುತ್ತಿದ್ದರು ಎಂದು ಹಿಂದೊಮ್ಮೆ ಲಾಲ್ ಸಾಬರೇ ಹೇಳಿದ್ದರು.

ಅವತ್ತು ಬಾಣ ರ ಅಕ್ಷರದ ತನಕ ಹೋಯಿತು, ಅಲ್ಲಿ ನಿಂತಿತು, ಮುಟ್ಟದೆ ವಾಪಸ್ ಬಂತು. ಅವರು ಮತ್ತೆ ಏನನ್ನೂ ಎಳೆಯಲಿಲ್ಲ. ನನ್ನ ಅಳತೆಯನ್ನು ತಾವೇ ಮಾಡಿದ್ದು ಎಂದು ನಂಬಿ ಬಿಟ್ಟುಬಿಟ್ಟರು.

ಎರಡು ದಿನದ ಮೇಲೆ ಅವರು ಕೆಲಸ ಬಿಡುತ್ತೇನೆಂದು ಹರಿಹರದ ಕೋಣೆಯ ಬೀಗದ ಕೈ ಕೊಡಲು ಪಿ.ಜೆ. ಬಡಾವಣೆಗೆ ಬಂದರು. ನಾನು ಅವರನ್ನು ನೋಡಿದ್ದು ಅದು ಎರಡನೆಯ ಸಲ. ನನ್ನ ನೆನಪಿನಲ್ಲಿದ್ದದ್ದಕ್ಕಿಂತ ಕುಳ್ಳಗಿದ್ದರು. ಅಂಗಿಯ ಗುಂಡಿ ಕತ್ತಿನ ತನಕ ಹಾಕಿಕೊಂಡಿದ್ದರು.

"ಕೂಡ್ರಿ ಸಾಬ್ರೆ. ಯಾಕ ಬಿಡ್ತೀರಿ? ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದರು ಪ್ರಶಾಂತಣ್ಣ.

"ಯಾರೂ ಅಂದಿಲ್ರಿ. ಮಾಡಿದ್ದು ನೆನಪಿಲ್ಲ ಅಂದ್ರೆ ಕೆಲಸ ಮಾಡಬಾರದು. ನಾಳೆ ಯಾರದೋ ಹೆಸರು ಕೆಡಿಸಿದ್ರೆ?" ಎಂದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ಬ್ಯಾರೆಯೋರು ಆಗಿದ್ರೆ ಮುಲಾಜಿಗೆ ಸುಳ್ಳು ಹೇಳ್ತಿದ್ರು. ಈ ಹುಡುಗಿ ಖರೇ ಹೇಳ್ದಳು."

ಆಗಲೂ ನಾನು ಬಾಯಿ ಬಿಡಲಿಲ್ಲ. ಅವರು ಮೆಟ್ಟಿಲಿಳಿದು ಹೋದರು. ಪ್ರಶಾಂತಣ್ಣ, "ಪಾಪ, ವಯಸ್ಸಾಯ್ತು. ಇರೋದನ್ನೇ ಪ್ರಿಂಟ್ ಹಾಕವ್ವ," ಎಂದರು. ಹಾಕಿದೆ.

ಬೋರ್ಡು ಮೇಲೇರಿದ ದಿನ ವಾಮದೇವಪ್ಪನವರು ಫೋನಿನಲ್ಲಿ ಅಂದ ಮಾತು ನನಗೂ ಕೇಳಿಸಿತು. "ಅಕ್ಷರ ಅವೇ ಅದಾವ್ರಿ. ಆದ್ರೆ ನಮ್ಮಪ್ಪಾಜಿ ಮೂರು ಜನ ಆಗಿದಾರೆ. ಪಂ ಅಂತ ಒಬ್ರು, ಚಾಕ್ಷ ಅಂತ ಒಬ್ರು, ರಪ್ಪ ಅಂತ ಒಬ್ರು. ಸಾಬ್ರ ಕೈ ಹಿಂಗಿರಲಿಲ್ಲ."

ಸಂಜೆ ಮಂಡಿಪೇಟೆಗೆ ಹೋಗಿ ಎದುರಿನ ಅಂಗಡಿಯ ಕಟ್ಟೆಯ ಹತ್ತಿರ ನಿಂತು ನೋಡಿದೆ. ಅವರ ಮಾತು ನಿಜ. ಸೊನ್ನೆ ಚಿಕ್ಕದು, ಸುತ್ತಲೂ ಅದಕ್ಕೆ ತಾನಾಗಿಯೇ ಖಾಲಿ ಜಾಗವಿದೆ. ಅದಕ್ಕೆ ಇನ್ನೂ ಒಂದೂವರೆ ಇಂಚು ಕೊಟ್ಟರೆ ಅದು ಒಂಟಿಯಾಗುತ್ತದೆ. ಒತ್ತಿನ ಮೇಲೆ ರ ಬಂದು ಕೂತರೇ ಹೆಸರು ಒಂದಾಗುವುದು. ತಗಡಿನ ಹಳೆಯ ಬೋರ್ಡು ಅಂಗಡಿಯೊಳಗೆ ಗೋಡೆಗೆ ಒರಗಿತ್ತು. ಉದುರಿದ ಬಣ್ಣದಲ್ಲೂ ಅದರ ಹೆಸರು ಒಂದೇ ಹೆಸರಾಗಿತ್ತು. ಅಳತೆ ಪಟ್ಟಿಯಲ್ಲಿ ಸಮ ಇದ್ದದ್ದು ಕಣ್ಣಿಗೆ ಸಮ ಕಾಣುವುದಿಲ್ಲ ಎಂದು ನನಗೆ ತಿಳಿದದ್ದು ಆಗ.

ಈಗ ಹರಿಹರದಲ್ಲಿ ಕೀರ್ತನಾ ಎಂಬ ಹುಡುಗಿ ಕೂರುತ್ತಾಳೆ. ನಾನು ಬೆಳಿಗ್ಗೆ ಪೂರ್ತಿ ಸಾಲು ಟೈಪ್ ಮಾಡುತ್ತೇನೆ, ಮಧ್ಯದ ಮಾತನ್ನು ಎರಡು ಸಲ ಓದಿ ಎಂಟರ್ ಒತ್ತುತ್ತೇನೆ. ಅವಳ ಬಾಣ ಸಲಾಮು ಮಾಡುವುದಿಲ್ಲ, ನೇರ ಕೆಲಸಕ್ಕೆ ಹೋಗುತ್ತದೆ. ಅವಳ ಮನೆ ಲಾಲ್ ಸಾಬರ ಬೀದಿಯಲ್ಲೇ ಇದೆ. ಮೊನ್ನೆ ನಾನೇ ಧೈರ್ಯ ಮಾಡಿ ಅವರ ಸುದ್ದಿ ಕೇಳಿದೆ.

"ಹೊರಗೆ ಬರೋದೇ ಕಡಿಮೆ ಅಕ್ಕ," ಎಂದಳು. "ಮಸೀದಿಗೂ ಮೊಮ್ಮಗಳ ಕೈ ಹಿಡ್ಕಂಡು ಹೋಗ್ತಾರೆ, ದಾರಿ ಮರೀತೀನಿ ಅಂತ. ಮನಿ ವಿಳಾಸ ಒಂದು ಚೀಟಿಯಾಗೆ ಬರೆದು ಜೇಬಿನಾಗೆ ಇಟ್ಕಂಡಿದಾರೆ. ಅದನ್ನೂ ಎಷ್ಟು ಚಂದ ಬರೆದಾರೆ ಗೊತ್ತಾ, ಬೋರ್ಡು ಬರೆದಂಗೆ."

"ಏನಾದ್ರೂ ಮರೆತಿದಾರಾ?"

"ನಾನಂತೂ ನೋಡಿಲ್ಲ. ನಮ್ಮಜ್ಜನ ಮದುವಿ ತಾರೀಖು ಸೈತ ಹೇಳ್ತಾರೆ. ಆದ್ರೆ ಅವರಿಗೆ ನಂಬಿಕಿ ಇಲ್ಲ."

ಅವರು ಏನನ್ನೂ ಮರೆತಿಲ್ಲ. ಅದು ಗೊತ್ತಿರುವವಳು ನಾನೊಬ್ಬಳೇ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲ ಬರೆದಿದೆ. ಕೊನೆಯ ಮೂರು ಸಲದ್ದೂ ಇದೆ: ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದನೇ ತಾರೀಖು, ಮಧ್ಯಾಹ್ನ ಒಂದೂಕಾಲು, ಸೊನ್ನೆ ಮತ್ತು ರ.

ಇದನ್ನು ಸುಧಾ ಮೇಡಂಗೆ ಈಗಲೇ ಕೊಡುವುದಿಲ್ಲ. ನಾಳೆ ಅಂಗಡಿಗೆ ರಜೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹರಿಹರಕ್ಕೆ ಹೋಗುತ್ತೇನೆ. ಕೀರ್ತನಾ ಮನೆ ತೋರಿಸುತ್ತೇನೆ ಎಂದಿದ್ದಾಳೆ. ಲಾಲ್ ಸಾಬರ ಮುಂದೆ ನಿಂತು ಆ ಹನ್ನೊಂದೂ ಸಾಲುಗಳನ್ನು ಗಟ್ಟಿಯಾಗಿ ಓದುತ್ತೇನೆ, ನೋಟ್‌ಬುಕ್ಕನ್ನು ಅವರ ಕೈಗೆ ಕೊಡುತ್ತೇನೆ. ಅಲ್ಲಿಂದ ಬಂದು ಪ್ರಶಾಂತಣ್ಣನಿಗೂ ಹೇಳುತ್ತೇನೆ.